‘ಪವರ್ ಮಾತ್ರೆ’ ನುಂಗಿದ್ದೀರಾ? ಎದೆನೋವು ಬಂದರೆ ಮೊದಲು ಅದನ್ನೇ ಹೇಳಿ. ಸಾರ್ಬಿಟ್ರೇಟ್ ಜತೆ ಸೇರಿದರೆ ಜೀವಕ್ಕೇ ಕುತ್ತು

ಮೆಡಿಕಲ್ ಶಾಪ್‌ನಲ್ಲಿ ಹೆಂಗಸರೋ ಪರಿಚಯದವರೋ ಇದ್ದರೆ ಒಂದು ಜ್ವರದ ಮಾತ್ರೆ ಕೇಳಿ ಹಾಗೇ ಹೋಗಿಬಿಡ್ತಾರೆ. ಅಂಗಡಿ ಖಾಲಿಯಾದ ಮೇಲೆ ವಾಪಸ್ ಬಂದು ಮೆಲ್ಲಗೆ ‘ಆ ಮಾತ್ರೆ ಒಂದು ಕೊಡಿ’ ಅಂತಾರೆ. ಅಂಗಡಿಯವರು ಸ್ಟ್ರಿಪ್‌ನಿಂದ ಒಂದೇ ಒಂದು ಮಾತ್ರೆ ಕತ್ತರಿಸಿ ಸಣ್ಣ ಕವರ್‌ಗೆ ಹಾಕಿ ಕೊಡ್ತಾರೆ. ಚೀಟಿ ಇಲ್ಲ, ಬಿಲ್ ಇಲ್ಲ, ಒಂದು ಪ್ರಶ್ನೆಯೂ ಇಲ್ಲ. ಯಾವ ತಾಲ್ಲೂಕು ಪೇಟೆಗೆ ಹೋದರೂ ಇದು ಹೊಸ ದೃಶ್ಯವೇನಲ್ಲ.

ಪವರ್ ಮಾತ್ರೆ, ಟೈಮಿಂಗ್ ಮಾತ್ರೆ, ವಯಾಗ್ರ ಅಂತ ಬಾಯಿಗೆ ಬಂದ ಹೆಸರಲ್ಲಿ ಕೇಳೋ ಈ ಮಾತ್ರೆ ಕೆಟ್ಟದ್ದೇನಲ್ಲ. 25 ವರ್ಷಕ್ಕೂ ಹೆಚ್ಚು ಕಾಲದಿಂದ ಜಗತ್ತಿನ ಎಲ್ಲಾ ಕಡೆ ಡಾಕ್ಟರ್‌ಗಳು ಬರೆದುಕೊಡುತ್ತಿರುವ ಔಷಧಿ ಇದು. ತಗೊಳ್ಳೋದರಲ್ಲಿ ನಾಚಿಕೆ ಪಡುವಂಥದ್ದೂ ಏನಿಲ್ಲ. ಅಪಾಯ ಇರೋದು ಗುಟ್ಟಾಗಿ ತಗೊಳ್ಳೋದರಲ್ಲಿ. ಡಾಕ್ಟರಿಗೆ ಗೊತ್ತಿಲ್ಲ, ಮನೆಯವರಿಗೆ ಗೊತ್ತಿಲ್ಲ, ಅಂಗಡಿಯವರು ಕೇಳೋದಿಲ್ಲ. ಅವತ್ತೇ ರಾತ್ರಿ ಎದೆನೋವು ಅಂತ ಆಸ್ಪತ್ರೆಗೆ ಹೋದರೆ ಆ ಗುಟ್ಟೇ ಪ್ರಾಣಕ್ಕೆ ಕುತ್ತಾಗಬಹುದು.

ಮಾತ್ರೆ ಒಳಗೆ ಇರೋದು ಏನು?

ಹೊರಗಿನ ಹೆಸರು ಹತ್ತಾರು ಇರಬಹುದು. ಒಳಗಿನ ಔಷಧಿ ಹೆಚ್ಚಾಗಿ ಎರಡೇ: ಸಿಲ್ಡೆನಾಫಿಲ್ ಇಲ್ಲವೇ ಟಡಾಲಾಫಿಲ್. ಸ್ಟ್ರಿಪ್ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಸಿಲ್ಡೆನಾಫಿಲ್ ಅನ್ನು ಫೈಜರ್ ಕಂಪನಿ ಮೊದಲು ಪರೀಕ್ಷೆ ಮಾಡಿದ್ದು ಹೃದಯದ ನೋವಿಗೆ ಅಂತ. ಅದಕ್ಕೆ ಅಷ್ಟಾಗಿ ಕೆಲಸ ಮಾಡಲಿಲ್ಲ, ಆದರೆ ಪರೀಕ್ಷೆಗೆ ಒಳಗಾದ ಗಂಡಸರಲ್ಲಿ ಬೇರೆಯದೇ ಪರಿಣಾಮ ಕಂಡಿತು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರ ಹೆಸರಲ್ಲಿ ಅನುಮತಿ ಸಿಕ್ಕಿತು. ಹೃದಯಕ್ಕೂ ಈ ಮಾತ್ರೆಗೂ ನಂಟು ಹುಟ್ಟಿನಿಂದಲೇ ಇದೆ ಅನ್ನಿ.

ಜನನಾಂಗದ ನಿಮಿರುವಿಕೆ ಅಂದರೆ ಅಲ್ಲಿನ ರಕ್ತನಾಳಗಳು ಸಡಿಲವಾಗಿ ರಕ್ತ ತುಂಬಿಕೊಳ್ಳೋದು. ಮನಸ್ಸಿಗೆ ಆಸೆ ಬಂದಾಗ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ಅದರಿಂದ ನಾಳ ಸಡಿಲಿಸುವ ಇನ್ನೊಂದು ರಾಸಾಯನಿಕ ತಯಾರಾಗುತ್ತೆ. ಸ್ವಲ್ಪ ಹೊತ್ತಿಗೆ ದೇಹವೇ ಅದನ್ನು ಒಡೆದು ಹಾಕುತ್ತೆ. ಈ ಮಾತ್ರೆಗಳು ಹಾಗೆ ಒಡೆಯೋದನ್ನು ತಡೆಯುತ್ತವೆ, ಅಷ್ಟೇ ಕೆಲಸ. ಮಾತ್ರೆ ನುಂಗಿ ಟಿವಿ ನೋಡ್ತಾ ಕೂತರೆ ತಾನಾಗಿ ಏನೂ ಆಗಲ್ಲ. ಆಸೆ ಹುಟ್ಟಿಸೋದಿಲ್ಲ, ವೀರ್ಯ ಹೆಚ್ಚಿಸೋದಿಲ್ಲ, ಮಕ್ಕಳಾಗೋದಕ್ಕೂ ಇದು ಔಷಧಿ ಅಲ್ಲ.

ಸಾರ್ಬಿಟ್ರೇಟ್ ಜತೆ ಯಾಕೆ ಬೇಡವೇ ಬೇಡ?

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಎಲ್ಲರಿಗೂ ಗೊತ್ತು. ಅದು ನೈಟ್ರೇಟ್ ಗುಂಪಿನ ಔಷಧಿ. ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್ ಮೊನೊನೈಟ್ರೇಟ್ ಇವೂ ಅದೇ ಗುಂಪು. ನಿಕೊರಾಂಡಿಲ್ ಅನ್ನೋ ಹೃದಯದ ಮಾತ್ರೆಯನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ. ಇವೆಲ್ಲ ಮಾಡೋದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸೋ ಕೆಲಸ. ಅಂದರೆ ನಾಳ ಸಡಿಲಿಸುವ ಅದೇ ರಾಸಾಯನಿಕ ಇನ್ನಷ್ಟು ತಯಾರಾಗುತ್ತೆ. ಪವರ್ ಮಾತ್ರೆ ಅದು ಕರಗದಂತೆ ತಡೆಯುತ್ತೆ. ತೊಟ್ಟಿಗೆ ಒಂದು ಕಡೆ ನಲ್ಲಿ ಪೂರ್ತಿ ಬಿಟ್ಟು, ಇನ್ನೊಂದು ಕಡೆ ನೀರು ಹೋಗೋ ತೂಬು ಮುಚ್ಚಿದ ಹಾಗೆ. ಮೈಯಲ್ಲಿರೋ ನಾಳಗಳೆಲ್ಲ ಒಟ್ಟಿಗೇ ಸಡಿಲವಾಗಿ ಬಿಪಿ ಧಡ್ ಅಂತ ಕುಸಿಯುತ್ತೆ. ಹೃದಯಕ್ಕೆ, ಮೆದುಳಿಗೆ ರಕ್ತ ತಲುಪಲ್ಲ. ಸಾವೂ ಆಗಬಹುದು.

ಇದು ಈಗ ಕಂಡುಹಿಡಿದ ವಿಷಯವಲ್ಲ. 1998ರಲ್ಲಿ ಮಾತ್ರೆ ಮಾರುಕಟ್ಟೆಗೆ ಬಂದಾಗಲೇ ನೈಟ್ರೇಟ್ ತಗೊಳ್ಳುವವರಿಗೆ ಕೊಡಬಾರದು ಅಂತ ಲೇಬಲ್‌ನಲ್ಲಿ ಇತ್ತು. ಸಿಲ್ಡೆನಾಫಿಲ್ ತಗೊಂಡ ಮೇಲೆ ಕಡೇಪಕ್ಷ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಮುಟ್ಟಬಾರದು ಅನ್ನೋದು ಡಾಕ್ಟರ್‌ಗಳು ಪಾಲಿಸುವ ಲೆಕ್ಕ. ದಿನಾ ನೈಟ್ರೇಟ್ ತಗೊಳ್ಳೋ ಹೃದ್ರೋಗಿಗಳಂತೂ ಈ ಮಾತ್ರೆಯ ಹತ್ತಿರವೂ ಹೋಗಬಾರದು.

ಈಗ ನಮ್ಮ ಕಡೆಯ ಪರಿಸ್ಥಿತಿ ನೋಡಿ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದ ಮೇಲೆ ಜನ ಭಯಬಿದ್ದು ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ‘ಜೇಬಲ್ಲಿ ಸದಾ ಸಾರ್ಬಿಟ್ರೇಟ್ ಇಟ್ಟುಕೊಳ್ಳಿ, ಎದೆನೋವು ಬಂದವರ ನಾಲಿಗೆ ಕೆಳಗೆ ಇಡಿ’ ಅನ್ನೋ ವಾಟ್ಸಾಪ್ ಮೆಸೇಜೂ ಓಡಾಡುತ್ತೆ. ಉದ್ದೇಶ ಒಳ್ಳೆಯದೇ. ಆದರೆ ಪಕ್ಕದ ಮನೆಯವರಿಗೆ ಹೇಗೆ ಗೊತ್ತಾಗಬೇಕು, ಎದೆ ಹಿಡಿದುಕೊಂಡು ಕೂತವರು ಎರಡು ಗಂಟೆ ಹಿಂದೆ ಏನು ನುಂಗಿದ್ದರು ಅಂತ? ಕೂತವರೂ ಮರ್ಯಾದೆಗೆ ಅಂಜಿ ಬಾಯಿ ಬಿಡಲ್ಲ.

ಹಾಗಾಗಿ ಯಾರದೋ ಜೇಬಿನ ಸಾರ್ಬಿಟ್ರೇಟ್ ಇನ್ಯಾರದೋ ಬಾಯಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ಪವರ್ ಮಾತ್ರೆ ತಗೊಂಡವರು ಎದೆನೋವು ಬಂದ ಕ್ಷಣ, ಆಂಬುಲೆನ್ಸ್‌ನಲ್ಲೇ ಆಗಲಿ ಎಮರ್ಜೆನ್ಸಿ ವಾರ್ಡ್‌ನಲ್ಲೇ ಆಗಲಿ, ‘ಸರ್, ನಾನು ಸಂಜೆ ಏಳಕ್ಕೆ ಸಿಲ್ಡೆನಾಫಿಲ್ ತಗೊಂಡಿದ್ದೀನಿ’ ಅಂತ ಔಷಧಿ ಹೆಸರು, ಹೊತ್ತು ಸಮೇತ ಹೇಳಿಬಿಡಿ. ಹೆಸರು ನೆನಪಿಲ್ಲದಿದ್ದರೆ ‘ಗಂಡಸರ ಮಾತ್ರೆ’ ಅಂದರೂ ಅವರಿಗೆ ಅರ್ಥವಾಗುತ್ತೆ. ನೈಟ್ರೇಟ್ ಬಿಟ್ಟು ಬೇರೆ ಔಷಧಿಗಳಿವೆ, ಅದರಿಂದ ಚಿಕಿತ್ಸೆ ಮಾಡ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯ ಇದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆಯೇ ಇದೆ.

ಹೆಂಡತಿಗೂ ಹೇಳಿರಿ. ನೀವೇ ಪ್ರಜ್ಞೆ ತಪ್ಪಿ ಮಲಗಿದ್ದರೆ ಡಾಕ್ಟರಿಗೆ ಉತ್ತರ ಕೊಡಬೇಕಾದವರು ಅವರೇ.

ಬೇರೆ ಯಾವುದರ ಜತೆ ಹುಷಾರು?

ಬಿಪಿ, ಶುಗರ್ ಮಾತ್ರೆ ತಗೊಳ್ಳೋರು ಈ ಮಾತ್ರೆ ಮುಟ್ಟಲೇಬಾರದು ಅಂತೇನಿಲ್ಲ. ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ತಗೊಳ್ಳುವ ಎಷ್ಟೋ ಜನರಿಗೆ ಡಾಕ್ಟರ್ ಇದನ್ನೂ ಬರೆಯುತ್ತಾರೆ. ಆದರೆ ಬಿಪಿಗೆ ಪ್ರಾಜೋಸಿನ್, ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತರಹದ ಮಾತ್ರೆ ತಗೊಳ್ಳೋರಿಗೆ ಬಿಪಿ ಇಳಿದು ತಲೆಸುತ್ತಿ ಬೀಳೋ ಸಂಭವ ಹೆಚ್ಚು. ಅಂಥವರಿಗೆ ಕಡಿಮೆ ಪ್ರಮಾಣದಿಂದ ಶುರು ಮಾಡಬೇಕಾಗುತ್ತೆ.

ಇನ್ನೊಂದು ಯಾರ ತಲೆಗೂ ಹೊಳೆಯದ್ದು. ಹುಳುಕಡ್ಡಿಗೆ ಅಂತ ತಿಂಗಳುಗಟ್ಟಲೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ನುಂಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇದು ಸಿಲ್ಡೆನಾಫಿಲ್ ದೇಹದಿಂದ ಬೇಗ ಹೊರಹೋಗದಂತೆ ತಡೆಯುತ್ತೆ. 50 ಎಂಜಿ ನುಂಗಿದ್ದರೂ ಅದಕ್ಕಿಂತ ಬಹಳ ಹೆಚ್ಚು ನುಂಗಿದ ಪರಿಣಾಮ. ಎಚ್‌ಐವಿ ಚಿಕಿತ್ಸೆಯ ರಿಟೋನಾವಿರ್, ಕ್ಲಾರಿಥ್ರೋಮೈಸಿನ್ ಆಂಟಿಬಯೋಟಿಕ್ ಜತೆಗೂ ಇದೇ ತೊಂದರೆ. ಎಣ್ಣೆ ಹಾಕಿದ ಮೇಲೆ ಮಾತ್ರೆ ಹಾಕೋದಂತೂ ದುಡ್ಡು ಕೊಟ್ಟು ತಲೆಸುತ್ತು ತಂದುಕೊಂಡ ಹಾಗೆ. ಕುಡಿತವೇ ನಿಮಿರುವಿಕೆ ಕಡಿಮೆ ಮಾಡುತ್ತೆ.

ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಅಥವಾ ಲಕ್ವ ಆದವರು, ಕೂತಲ್ಲೇ ಎದೆನೋವು ಬರುವವರು, ಬಿಪಿ 170/110 ದಾಟಿರುವವರು ಅಥವಾ 90/50ಕ್ಕಿಂತ ಕೆಳಗಿರುವವರು ತಜ್ಞರಿಗೆ ತೋರಿಸದೆ ತಗೊಳ್ಳಲೇಬಾರದು. ‘ಎರಡು ಮಹಡಿ ಮೆಟ್ಟಿಲು ಬೇಗ ಹತ್ತಿದರೆ ಏದುಸಿರು, ಎದೆನೋವು ಬರುತ್ತಾ?’ ಅಂತ ಡಾಕ್ಟರ್ ಕೇಳಿದರೆ ಆಶ್ಚರ್ಯ ಪಡಬೇಡಿ. ಮಿಲನದ ಶ್ರಮವೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ಅದನ್ನು ಹೃದಯ ತಡೆಯುತ್ತಾ ಅನ್ನೋದು ಅವರ ಲೆಕ್ಕ.

ತಗೊಳ್ಳೋ ಕ್ರಮ

ಸಿಲ್ಡೆನಾಫಿಲ್ 25, 50, 100 ಎಂಜಿಯಲ್ಲಿ ಬರುತ್ತೆ. ಸಾಮಾನ್ಯವಾಗಿ 50ರಿಂದ ಶುರು. ವಯಸ್ಸು 65 ದಾಟಿದವರಿಗೆ, ಲಿವರ್, ಕಿಡ್ನಿ ತೊಂದರೆ ಇರುವವರಿಗೆ 25. ಮಿಲನಕ್ಕೆ ಸುಮಾರು ಒಂದು ಗಂಟೆ ಮೊದಲು, ದಿನಕ್ಕೆ ಒಂದೇ ಸಲ. ಮಟನ್ ಊಟ, ಬೋಂಡಾ ಬಜ್ಜಿ ಹೊಟ್ಟೆ ತುಂಬ ತಿಂದು ನುಂಗಿದರೆ ಕೆಲಸ ಶುರುವಾಗೋದು ತಡವಾಗುತ್ತೆ. ಇಲ್ಲೇ ಬಹಳ ಜನ ಎಡವೋದು. ‘ಏನೂ ಆಗಲಿಲ್ಲವಲ್ಲ’ ಅಂತ ಅರ್ಧ ಗಂಟೆ ಬಿಟ್ಟು ಇನ್ನೊಂದು ನುಂಗುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಕೆಲಸ ಶುರು ಮಾಡುತ್ತವೆ. ಟಡಾಲಾಫಿಲ್‌ಗೆ ಊಟದ ಅಡ್ಡಿ ಇಲ್ಲ, ಪರಿಣಾಮ 36 ಗಂಟೆವರೆಗೂ ಇರಬಹುದು. ಹಾಗಂತ ಮಾರನೇ ದಿನ ಮತ್ತೊಂದು ನುಂಗೋದಲ್ಲ.

ತಲೆನೋವು, ಮುಖ ಬಿಸಿಯಾಗಿ ಕೆಂಪಾಗೋದು, ಮೂಗು ಕಟ್ಟೋದು, ಎದೆಯುರಿ ಸಾಮಾನ್ಯ. ಟಡಾಲಾಫಿಲ್‌ನಲ್ಲಿ ಬೆನ್ನು, ಸೊಂಟ ನೋವು ಬರಬಹುದು. ಇವು ತಾನಾಗಿ ಹೋಗುತ್ತವೆ. ಕಣ್ಣು ದಿಢೀರ್ ಮಂಜಾದರೆ, ಕಿವಿ ಕೇಳದಂತಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ. ನಿಮಿರುವಿಕೆ ನಾಲ್ಕು ಗಂಟೆ ದಾಟಿದರೂ ಇಳಿಯದಿದ್ದರೆ ಅದು ಹೆಮ್ಮೆ ಪಡೋ ವಿಷಯ ಅಲ್ಲ, ತುರ್ತು ಪರಿಸ್ಥಿತಿ. ಬೆಳಗಾಗಲಿ ಅಂತ ಕಾದರೆ ಅಂಗ ಶಾಶ್ವತವಾಗಿ ಕೆಡಬಹುದು.

‘ಟೈಮಿಂಗ್’ಗೆ ಅಂತ ಕೇಳಿದರೆ ಕೆಲವೊಮ್ಮೆ ಸಿಲ್ಡೆನಾಫಿಲ್ ಜತೆ ಡಪೋಕ್ಸೆಟಿನ್ ಸೇರಿಸಿದ ಮಾತ್ರೆ ಕೊಡುತ್ತಾರೆ. ಅದು ಶೀಘ್ರಸ್ಖಲನದ ಔಷಧಿ, ಅದೇ ಬೇರೆ ತೊಂದರೆ. ಅದರಿಂದ ತಲೆಸುತ್ತಿ ಬೀಳುವವರೂ ಇದ್ದಾರೆ. ನಿಮ್ಮ ತೊಂದರೆ ಯಾವುದು ಅಂತ ಗೊತ್ತಿಲ್ಲದೆ ಎರಡಕ್ಕೂ ಔಷಧಿ ತಿನ್ನೋದು ಯಾಕೆ?

ತೊಂದರೆ ಬಂದಿದ್ದು ಯಾಕೆ ಅಂತ ನೋಡಿದ್ದೀರಾ?

ಜನನಾಂಗದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ನಾಳದೊಳಗೆ ಕೊಬ್ಬು ಕಟ್ಟಿಕೊಳ್ಳೋಕೆ ಶುರುವಾದರೆ ಮೊದಲು ಗೊತ್ತಾಗೋದು ಸಣ್ಣ ನಾಳದಲ್ಲಿ. ಹೀಗಾಗಿ 40, 45ರ ವಯಸ್ಸಿನಲ್ಲಿ ನಿಧಾನವಾಗಿ ಶುರುವಾಗೋ ಈ ದೌರ್ಬಲ್ಯ ಕೆಲವರಲ್ಲಿ ಹೃದಯದ ತೊಂದರೆಗೆ ಎರಡು ಮೂರು ವರ್ಷ ಮೊದಲೇ ಬರುವ ಮುನ್ಸೂಚನೆ. ಶುಗರ್ ಇದೆ ಅಂತ ಮೊದಲು ಗೊತ್ತಾಗೋದೂ ಎಷ್ಟೋ ಜನರಿಗೆ ಹೀಗೇ. ಅಂಗಡಿಯಿಂದ ಮಾತ್ರೆ ತಂದು ಮರೆಮಾಚಿದರೆ ಆ ಎಚ್ಚರಿಕೆಯೇ ಮುಚ್ಚಿಹೋಗುತ್ತೆ. ಬೀಡಿ, ಸಿಗರೇಟು, ಗುಟ್ಕಾ ನಾಳಗಳನ್ನು ಕೆಡಿಸುತ್ತವೆ. ಗುಟ್ಕಾ ಉಗಿದು ಪವರ್ ಮಾತ್ರೆ ನುಂಗೋದು ತೂತು ಬಿದ್ದ ಟ್ಯೂಬಿಗೆ ಗಾಳಿ ಹೊಡೆದಂತೆ.

30 ದಾಟಿದವರಿಗೆ ಬಿಪಿ, ಶುಗರ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೊದಲು ಅದು ಆಗಲಿ. ಈಗಾಗಲೇ ತಗೊಳ್ಳುತ್ತಿರುವ ಅಟೆನೊಲಾಲ್‌ನಂಥ ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಯಿಂದಲೂ ಈ ತೊಂದರೆ ಬರಬಹುದು. ಹಾಗಂತ ನೀವೇ ಅದನ್ನು ಬಿಡಬೇಡಿ, ಬದಲಿಸಿ ಕೊಡಿ ಅಂತ ಡಾಕ್ಟರನ್ನೇ ಕೇಳಿ.

‘ಆಯುರ್ವೇದಿಕ್, ನೋ ಸೈಡ್ ಎಫೆಕ್ಟ್’

ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಪೋಸ್ಟರ್, ಲಾಡ್ಜ್ ರೂಮಿನ ತಿಂಗಳಿಗೊಮ್ಮೆ ಬರೋ ‘ಗುಪ್ತರೋಗ ತಜ್ಞ’, ಆನ್‌ಲೈನ್ ಕ್ಯಾಪ್ಸೂಲ್ ಇವರದ್ದೆಲ್ಲ ಒಂದೇ ಮಾತು. ಗಿಡಮೂಲಿಕೆ ಅಂತ ಮಾರುವ ಇಂಥ ನೂರಾರು ಉತ್ಪನ್ನಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್, ಟಡಾಲಾಫಿಲ್ ಬೆರೆಸಿರೋದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪತ್ತೆ ಮಾಡಿ ಪಟ್ಟಿ ಪ್ರಕಟಿಸಿದೆ. ಒಂದೇ ದಿನಕ್ಕೆ ‘ರಿಸಲ್ಟ್’ ಕೊಡೋ ಬೇರಿನ ಪುಡಿಯನ್ನು ಅನುಮಾನದಿಂದಲೇ ನೋಡಿ. ಎಷ್ಟು ಬೆರೆಸಿದ್ದಾರೆ ಅಂತ ತಿಂದವರಿಗೆ ಗೊತ್ತಿಲ್ಲ, ಸಾರ್ಬಿಟ್ರೇಟ್ ಕೊಡೋ ಡಾಕ್ಟರಿಗೂ ಗೊತ್ತಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೆ ಅಂತ ಔಷಧಿಗೆ ಜಾಹೀರಾತು ಕೊಡೋದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಪೋಸ್ಟರ್‌ಗಳು ಮಾತ್ರ ಗೋಡೆ ಮೇಲೆ ಹಾಗೇ ಇವೆ.

ಅಂಗಡಿಯವರೇ, ಇದು ನಿಮಗೆ

ಪಾನ್ ಬೀಡಾ ಅಂಗಡಿ, ಕಿರಾಣಿ ಅಂಗಡಿಯಲ್ಲಿ ಈ ಮಾತ್ರೆ ಇಟ್ಟು ಮಾರುವವರು ತಿಳಿದಿರಲಿ. ಲೈಸೆನ್ಸ್ ಇಲ್ಲದೆ ಔಷಧಿ ಮಾರಿದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕನಿಷ್ಠ 3 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಒಂದು ಸ್ಟ್ರಿಪ್‌ನಲ್ಲಿ ಸಿಗೋ ಲಾಭಕ್ಕೆ ಇದು ಬೇಕಾ?

ಮೆಡಿಕಲ್ ಶಾಪ್‌ನವರಿಗೆ ಹೇಳಬೇಕಾಗಿಲ್ಲ, ಇದು ಷೆಡ್ಯೂಲ್ ಎಚ್ ಔಷಧಿ, ಡಾಕ್ಟರ್ ಚೀಟಿ ಕಡ್ಡಾಯ. ಚೀಟಿ ತಂದವರಿಗೂ ‘ಅಣ್ಣಾ, ಹಾರ್ಟಿಗೆ ಏನಾದ್ರೂ ಮಾತ್ರೆ ತಗೋತಿದ್ದೀರಾ? ನಾಲಿಗೆ ಕೆಳಗೆ ಇಡೋದು?’ ಅಂತ ಮೆಲ್ಲಗೆ ಒಂದು ಮಾತು ಕೇಳಿ. ಹತ್ತು ಸೆಕೆಂಡ್ ಸಾಕು. ಬಿಡಿಯಾಗಿ ಕೊಡಬೇಕಾದರೂ ಔಷಧಿ ಹೆಸರು, ಎಷ್ಟು ಎಂಜಿ, ಎಕ್ಸ್‌ಪೈರಿ ಕವರ್ ಮೇಲೆ ಬರೆದುಕೊಡಿ. ನಾಳೆ ಆಸ್ಪತ್ರೆಯಲ್ಲಿ ಆ ಕವರ್ರೇ ಉಪಯೋಗಕ್ಕೆ ಬರಬಹುದು.

ತೋರಿಸೋದು ಎಲ್ಲಿ?

ಸೀದಾ ಸೆಕ್ಸ್ ಸ್ಪೆಷಲಿಸ್ಟ್ ಹುಡುಕೋ ಅಗತ್ಯ ಇಲ್ಲ. ತಾಲ್ಲೂಕು ಆಸ್ಪತ್ರೆಯ ಫಿಸಿಶಿಯನ್ ಅಥವಾ ನಿಮ್ಮ ಬಿಪಿ, ಶುಗರ್ ನೋಡುವ ಡಾಕ್ಟರೇ ಸಾಕು. ಬೇಕಿದ್ದರೆ ಅವರೇ ಮೂತ್ರರೋಗ ತಜ್ಞರ ಬಳಿ ಕಳಿಸುತ್ತಾರೆ. ಮದುವೆಯಾದ ಹೊಸತು, ಬೆಳಗ್ಗೆ ಎದ್ದಾಗ ನಿಮಿರುವಿಕೆ ಸರಿಯಾಗೇ ಇದೆ, ಹೆಂಡತಿ ಜತೆ ಇದ್ದಾಗ ಮಾತ್ರ ತೊಂದರೆ ಅನ್ನುವ ಹುಡುಗರಿಗೆ ಸಾಮಾನ್ಯವಾಗಿ ಕಾರಣ ಭಯ, ಟೆನ್ಷನ್. ಅಂಥವರಿಗೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಇದೆ; ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಎದುರಿಗೆ ಕೂತು ಹೇಳೋಕೆ ಸಂಕೋಚ ಅನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಬಳಿ ಹೋಗುವಾಗ ಮನೆಯಲ್ಲಿ ನೀವು ತಗೊಳ್ಳುವ ಎಲ್ಲಾ ಮಾತ್ರೆಗಳ ಸ್ಟ್ರಿಪ್ಪನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ, ಗುಟ್ಟಾಗಿ ಇಟ್ಟಿರೋದನ್ನೂ ಸೇರಿಸಿ.