ಕ್ಯಾಮೆರಾ ಆಧಾರಿತ ವೀಲ್ ಅಲೈನ್‌ಮೆಂಟ್

ಕ್ಯಾಮೆರಾ ಆಧಾರಿತ ವೀಲ್ ಅಲೈನ್‌ಮೆಂಟ್ ಎಂಬುದು ವಾಹನದ ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂಬುದನ್ನು ಕ್ಯಾಮೆರಾ ಮತ್ತು ಗಣಕಯಂತ್ರದ ನೆರವಿನಿಂದ ಅಳೆಯುವ ವಿಧಾನ. ಗ್ಯಾರೇಜುಗಳಲ್ಲಿ ಇದು ‘3ಡಿ ಅಲೈನ್‌ಮೆಂಟ್’ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಯಂತ್ರವೇ ಚಕ್ರವನ್ನು ಸರಿಪಡಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಯಂತ್ರದ ಕೆಲಸ ಅಳತೆಯಷ್ಟೆ. ತಿದ್ದುವುದು ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್‌.

ಅಗತ್ಯ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳು ಸೇರಿವೆ. ಮಧುಗಿರಿ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದ ವಾಹನಗಳ ಸಂಕೇತ ಕೆಎ-64. ಶಿರಾ ಪಟ್ಟಣವು ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಅಲ್ಲಿಂದ ಒಳನಾಡಿಗೆ ತಿರುಗಿದರೆ ಹಳ್ಳಿಯ ಕಿರುರಸ್ತೆ, ಗುಂಡಿ, ರಸ್ತೆ ಉಬ್ಬುಗಳು ಎದುರಾಗುತ್ತವೆ. ಒಂದೇ ವಾಹನ ಎರಡೂ ಬಗೆಯ ರಸ್ತೆಗಳಲ್ಲಿ ಓಡಬೇಕಾಗುವುದೇ ಇಲ್ಲಿನ ತೊಡಕು. ಗುಂಡಿಯ ಹೊಡೆತಕ್ಕೆ ಚಕ್ರದ ಕೋನ ಕೆಡುತ್ತದೆ. ಕೆಟ್ಟ ಕೋನದ ಫಲ ಹೆದ್ದಾರಿಯ ದೀರ್ಘ ಓಟದಲ್ಲಿ ಟೈರಿನ ಸವೆತವಾಗಿ ಕಾಣಿಸಿಕೊಳ್ಳುತ್ತದೆ. ಬಾಡಿಗೆ ವಾಹನವನ್ನೇ ನಂಬಿ ಬದುಕುವ ಕುಟುಂಬಕ್ಕೆ ಒಂದು ಜೊತೆ ಟೈರು ಅವಧಿಗೆ ಮುನ್ನವೇ ಹಾಳಾಗುವುದು ಸಣ್ಣ ನಷ್ಟವಲ್ಲ.

ಅಳೆಯಲಾಗುವ ಕೋನಗಳು

ಮುಖ್ಯ ಕೋನಗಳು ಮೂರು. ವಾಹನವನ್ನು ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಪ್ರಮಾಣವೇ ‘ಟೋ’. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ‘ಕ್ಯಾಂಬರ್’. ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ತಿರುಗುವ ಅಕ್ಷವು ಹಿಂದಕ್ಕೆ ಅಥವಾ ಮುಂದಕ್ಕೆ ಓರೆಯಾಗಿರುವುದು ‘ಕ್ಯಾಸ್ಟರ್’.

ಇವುಗಳಲ್ಲಿ ಟೈರನ್ನು ಬೇಗ ತಿನ್ನುವುದು ಟೋ. ಚಕ್ರವೊಂದು ತಾನು ಸಾಗುವ ದಿಕ್ಕಿಗಿಂತ 1 ಡಿಗ್ರಿಯಷ್ಟು ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಲ್ಪಡುತ್ತದೆ. ಶಿರಾದಿಂದ ತುಮಕೂರಿಗೆ ಇರುವ ಸುಮಾರು 50 ಕಿ.ಮೀ. ದಾರಿಯಲ್ಲಿ ಈ ಉಜ್ಜಾಟ 850 ಮೀಟರನ್ನು ದಾಟುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಬೆರಳಾಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪು, ಮರುದಿಕ್ಕಿನಲ್ಲಿ ಗರಗಸದಂತೆ ಒರಟು ಎನಿಸಿದರೆ ಟೋ ಕೆಟ್ಟಿದೆಯೆಂದು ಶಂಕಿಸಬಹುದು.

ಹಲವರು ಇದನ್ನು ವೀಲ್ ಬ್ಯಾಲೆನ್ಸಿಂಗ್ ಜೊತೆ ಬೆರೆಸಿ ಮಾತನಾಡುತ್ತಾರೆ. ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ದೋಷ. ಸಮತಟ್ಟಾದ ರಸ್ತೆಯಲ್ಲಿ ವಾಹನ ಒಂದೇ ಬದಿಗೆ ಎಳೆಯುವುದು ಅಲೈನ್‌ಮೆಂಟ್ ಕೆಟ್ಟಿರುವುದರ ಲಕ್ಷಣವಾಗಿರಬಹುದು.

ಹಿನ್ನೆಲೆ

ಚಕ್ರಗಳ ಪಕ್ಕದಲ್ಲಿ ದಾರ ಬಿಗಿದು ಅಳತೆಪಟ್ಟಿಯಿಂದ ಅಂತರ ನೋಡುವುದು ಹಳೆಯ ಕ್ರಮ. ಕುಶಲಿಯ ಕೈಯಲ್ಲಿ ಅದು ಇಂದಿಗೂ ಕೆಲಸ ಮಾಡುತ್ತದೆ. ಅನಂತರ ಪ್ರತಿ ಚಕ್ರಕ್ಕೂ ವಿದ್ಯುನ್ಮಾನ ಸಂವೇದಕ ಕಟ್ಟುವ ಯಂತ್ರಗಳು ಬಂದವು. ಇವು ಕೆಳಗೆ ಬಿದ್ದರೆ ಅಥವಾ ಪೆಟ್ಟು ತಿಂದರೆ ಅಳತೆ ತಪ್ಪುತ್ತಿತ್ತು. 1990ರ ದಶಕದಲ್ಲಿ ಅಮೆರಿಕದ ಜಾನ್ ಬೀನ್ ಮೊದಲಾದ ಹೆಸರುಗಳಲ್ಲಿ ಕ್ಯಾಮೆರಾ ಯಂತ್ರಗಳು ಮಾರುಕಟ್ಟೆಗೆ ಬಂದವು. ಭಾರತದಲ್ಲಿ ಪುದುಚೇರಿಯ ಮನಾಟೆಕ್ ಸಂಸ್ಥೆ ಇಂತಹ ಯಂತ್ರಗಳನ್ನು ತಯಾರಿಸುತ್ತದೆ.

ಕಾರ್ಯವಿಧಾನ

ಈ ಯಂತ್ರದಲ್ಲಿ ಚಕ್ರಕ್ಕೆ ಕಟ್ಟುವುದು ಚುಕ್ಕಿಗಳ ವಿನ್ಯಾಸವಿರುವ ಹಲಗೆಯನ್ನು ಮಾತ್ರ. ಇದಕ್ಕೆ ‘ಟಾರ್ಗೆಟ್’ ಎಂದು ಹೆಸರು. ಅದರಲ್ಲಿ ತಂತಿಯಾಗಲಿ ಬ್ಯಾಟರಿಯಾಗಲಿ ಇರಬೇಕಿಲ್ಲ. ವಾಹನದ ಮುಂದೆ ಅಡ್ಡಪಟ್ಟಿಯ ಎರಡು ತುದಿಗಳಲ್ಲಿ ಕ್ಯಾಮೆರಾಗಳಿರುತ್ತವೆ. ಅವುಗಳ ಸುತ್ತಲಿನ ದೀಪಗಳು, ಅನೇಕ ಮಾದರಿಗಳಲ್ಲಿ ಅವಗೆಂಪು ಬೆಳಕಿನಿಂದ, ಟಾರ್ಗೆಟ್‌ಗಳನ್ನು ಬೆಳಗಿಸುತ್ತವೆ.

ಊಟದ ತಟ್ಟೆಯನ್ನು ನೇರವಾಗಿ ನೋಡಿದರೆ ವೃತ್ತವಾಗಿಯೂ ಓರೆಯಾಗಿ ನೋಡಿದರೆ ಅಂಡಾಕಾರವಾಗಿಯೂ ಕಾಣುತ್ತದೆ. ದೂರ ಸರಿದಂತೆ ಚಿಕ್ಕದಾಗುತ್ತದೆ. ಚುಕ್ಕಿಗಳ ನಿಜವಾದ ಗಾತ್ರ ಮತ್ತು ಅಂತರ ಗಣಕಯಂತ್ರಕ್ಕೆ ಮೊದಲೇ ಗೊತ್ತಿರುವುದರಿಂದ, ಚಿತ್ರದಲ್ಲಿ ಅವು ಎಷ್ಟು ಚಪ್ಪಟೆಯಾಗಿವೆ, ಎಷ್ಟು ಚಿಕ್ಕದಾಗಿವೆ ಎಂಬುದರಿಂದಲೇ ಟಾರ್ಗೆಟ್‌ನ ಓರೆ ಮತ್ತು ದೂರವನ್ನು ಲೆಕ್ಕ ಹಾಕಬಹುದು.

ಇಲ್ಲೊಂದು ಪ್ರಶ್ನೆ ಏಳುತ್ತದೆ: ಟಾರ್ಗೆಟ್ಟನ್ನೇ ಕೊಂಚ ಸೊಟ್ಟಗೆ ಕಟ್ಟಿದ್ದರೆ? ಇದಕ್ಕಾಗಿಯೇ ವಾಹನವನ್ನು ಸ್ವಲ್ಪ ದೂರ ಹಿಂದಕ್ಕೆ ತಳ್ಳಿ ಮತ್ತೆ ಮುಂದಕ್ಕೆ ತರಲಾಗುತ್ತದೆ. ಚಕ್ರ ಉರುಳಿದಾಗ ಟಾರ್ಗೆಟ್ ಎಷ್ಟೇ ಸೊಟ್ಟಗಿದ್ದರೂ ಅದು ತಿರುಗುವುದು ಚಕ್ರದ ಅಕ್ಷದ ಸುತ್ತಲೇ. ಆ ತಿರುಗುವಿಕೆಯಿಂದ ಯಂತ್ರವು ನಿಜವಾದ ಅಕ್ಷವನ್ನು ಕಂಡುಹಿಡಿಯುತ್ತದೆ. ಈ ವಿಧಾನದ ಜಾಣ್ಮೆಯೆಲ್ಲ ಇದರಲ್ಲಿಯೇ ಇದೆ. ಕ್ಯಾಸ್ಟರ್ ತಿಳಿಯಲು ಮುಂಚಕ್ರಗಳನ್ನು ತಿರುಗುತಟ್ಟೆಗಳ ಮೇಲೆ ನಿಲ್ಲಿಸಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಕ್ಯಾಂಬರ್ ಎಷ್ಟು ಬದಲಾಯಿತೆಂದು ನೋಡಲಾಗುತ್ತದೆ.

ಮಿತಿಗಳು

ಟೈರಿನ ಗಾಳಿ ಸಮನಾಗಿಲ್ಲದಿದ್ದರೆ, ಬಾಲ್ ಜಾಯಿಂಟ್, ಟೈ ರಾಡ್ ತುದಿ ಅಥವಾ ಬುಶ್ ಸವೆದು ಸಡಿಲವಾಗಿದ್ದರೆ, ವಾಹನ ನಿಂತ ಲಿಫ್ಟ್ ಮಟ್ಟಸವಾಗಿಲ್ಲದಿದ್ದರೆ ಎಂತಹ ಯಂತ್ರದ ಅಳತೆಯೂ ನಿರರ್ಥಕ. ಸಡಿಲ ಭಾಗವನ್ನು ಬದಲಿಸದೆ ತಿದ್ದಿದ ಕೋನ ಮುಂದಿನ ಗುಂಡಿಯವರೆಗೆ ಮಾತ್ರ ಉಳಿದೀತು. ಧೂಳು ಕವಿದ ಟಾರ್ಗೆಟ್ ಹಾಗೂ ನೇರವಾಗಿ ಬೀಳುವ ಬಿಸಿಲು ಕ್ಯಾಮೆರಾದ ನೋಟಕ್ಕೆ ಅಡ್ಡಿಯಾಗುತ್ತವೆ.

ಅನೇಕ ಸಣ್ಣ ಕಾರುಗಳಲ್ಲಿ ತಿದ್ದಲು ಅವಕಾಶವಿರುವುದು ಮುಂಚಕ್ರದ ಟೋವನ್ನು ಮಾತ್ರ. ಪರದೆಯಲ್ಲಿ ಕ್ಯಾಂಬರ್ ಕೆಂಪಾಗಿ ಕಂಡರೆ ತಿರುಗಿಸಲು ಅಲ್ಲಿ ತಿರುಪಿರುವುದಿಲ್ಲ. ಯಾವ ಭಾಗ ಬಾಗಿದೆ ಎಂದು ಹುಡುಕಬೇಕಾಗುತ್ತದೆ. ಗಟ್ಟಿ ಅಚ್ಚಿನ ಲಾರಿಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ.

ಮುದ್ರಿತ ವರದಿ

ಕೆಲಸ ಮುಗಿದ ಮೇಲೆ ತಿದ್ದುವ ಮೊದಲಿನ ಮತ್ತು ನಂತರದ ಅಳತೆಗಳಿರುವ ಹಾಳೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಕೋನಗಳನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ ಬರೆಯುವುದುಂಟು; 60 ಮಿನಿಟಿಗೆ 1 ಡಿಗ್ರಿ. ಹಾಳೆಯ ಮೇಲ್ಭಾಗದಲ್ಲಿ ವಾಹನದ ಮಾದರಿ ಸರಿಯಾಗಿ ನಮೂದಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಪ್ರತಿ ಮಾದರಿಗೂ ತಯಾರಕರು ಬೇರೆ ಬೇರೆ ಮಿತಿಗಳನ್ನು ನಿಗದಿಪಡಿಸಿರುತ್ತಾರೆ. ಬೇರೊಂದು ಕಾರಿನ ಮಿತಿಯಲ್ಲಿ ಹಸಿರಾಗಿ ಕಂಡ ಅಂಕಿಯಿಂದ ಟೈರು ಉಳಿಯುವುದಿಲ್ಲ.