ಹುಳು ಮನೆಗೆ ಎರಡು ಬಗೆಯ ಕಾವು: ಕಡಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಕಾರ್ತಿಕ ಕಳೆದು ಮಾರ್ಗಶಿರ ಬಂದಿತೆಂದರೆ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ರೇಷ್ಮೆ ಬೆಳೆಗಾರರಲ್ಲಿ ಒಂದೇ ಮಾತು: ರಾತ್ರಿಯ ಚಳಿಗೆ ಏನು ಮಾಡುವುದು? ಸುಮಾರು ೩೦೦೦ ಅಡಿ ಎತ್ತರದ ಈ ಸೀಮೆಯಲ್ಲಿ ಪುಷ್ಯ ಮಾಸದ ಬೆಳಗಿನ ಜಾವ ಉಷ್ಣಮಾನವು ೧೩ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿಯುವುದುಂಟು. ನಾವು ಕಂಬಳಿ ಹೊದ್ದು ಮಲಗುತ್ತೇವೆ. ಹುಳುವಿಗೆ ಕಂಬಳಿಯಿಲ್ಲ, ನಮಗಿರುವಂತೆ ಮೈಯೊಳಗಿನ ಕಾವೂ ಇಲ್ಲ. ಸುತ್ತಲಿನ ಗಾಳಿ ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ. ತಣ್ಣಗಾದ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ. ಕೆಲವು ಹುಳು ಮುಂಚೆ, ಕೆಲವು ತಡವಾಗಿ ಜ್ವರಕ್ಕೆ ಕೂರುತ್ತವೆ. ಬೆಳೆ ನಾಲ್ಕಾರು ದಿನ ಮುಂದಕ್ಕೆ ಹೋಗುತ್ತದೆ. ಆ ನಾಲ್ಕಾರು ದಿನದ ಸೊಪ್ಪು, ಆ ನಾಲ್ಕಾರು ದಿನದ ಕೂಲಿ, ಕೊನೆಯಲ್ಲಿ ದೊಡ್ಡದು ಚಿಕ್ಕದು ಕಲಸಿಹೋದ ಗೂಡು, ಎಲ್ಲವೂ ನಷ್ಟದ ಲೆಕ್ಕಕ್ಕೆ ಬೀಳತಕ್ಕವು. ಚಳಿಯ ಜೊತೆಗೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗ ಬಾಗಿಲಲ್ಲೇ ಕಾದಿರುತ್ತದೆ.

ಇತ್ತೀಚೆಗೆ ಅಂಗಡಿಗಳಲ್ಲಿ ಬಿಸಿಯನ್ನೂ ತಂಪನ್ನೂ ಕೊಡುವ ಏರ್‌ಕಂಡಿಷನರುಗಳು ಸಿಕ್ಕುತ್ತಿವೆ. "ಮೇಷ್ಟ್ರೇ, ಅದನ್ನು ಹುಳು ಮನೆಗೆ ಹಾಕಿಸಿಬಿಡಲೇ? ಇದ್ದಲಿನ ಕಾಟ ತಪ್ಪುತ್ತದಲ್ಲ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೊಳ್ಳುವ ಮೊದಲು ಅದು ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸಾಧಾರಣ ವಿದ್ಯುತ್ ಹೀಟರು ವಿದ್ಯುತ್ತನ್ನು ಸುಟ್ಟು ಕಾವು ಮಾಡುತ್ತದೆ. ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ಟಿನ ಕಾವು. ಅದಕ್ಕಿಂತ ಹೆಚ್ಚು ಬರಲಾರದು. ಈ ಹೊಸ ಯಂತ್ರವಾದರೋ ಕಾವನ್ನು ಹುಟ್ಟಿಸುವುದಿಲ್ಲ, ಎತ್ತುತ್ತದೆ. ನಮ್ಮ ಬಾವಿಯ ಪಂಪು ನೀರನ್ನು ಹುಟ್ಟಿಸುವುದೇ? ಕೆಳಗಿರುವ ನೀರನ್ನು ಮೇಲಕ್ಕೆ ತರುತ್ತದೆ, ಅಷ್ಟೆ. ಹಾಗೆಯೇ ಇದು ಹೊರಗಿನ ತಣ್ಣನೆಯ ಗಾಳಿಯಲ್ಲಿಯೂ ಅಡಗಿರುವ ಕಾವನ್ನು ಹೀರಿ ಒಳಗೆ ತಂದು ಸುರಿಯುತ್ತದೆ. ಆದುದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಕಾವು ದೊರೆಯುತ್ತದೆ. ಇದಕ್ಕೆ ಕಾವಿನ ಪಂಪು ಎಂದು ಹೆಸರಿಟ್ಟರೆ ತಪ್ಪಾಗದು. ಬಾವಿಯ ನೀರು ಆಳಕ್ಕೆ ಇಳಿದಷ್ಟೂ ಒಂದು ಯೂನಿಟ್ಟಿಗೆ ಬರುವ ನೀರು ಕಡಮೆಯಾಗುವಂತೆ, ಹೊರಗೆ ಚಳಿ ಹೆಚ್ಚಿದಷ್ಟೂ ಈ ಪಂಪು ಎತ್ತುವ ಕಾವೂ ಕಡಮೆಯಾಗುತ್ತದೆ.

ಅಮೆರಿಕದ ಚಳಿನಾಡುಗಳಲ್ಲಿ ಇದೇ ಕಾರಣದಿಂದ ಮನೆಗಳಿಗೆ ಜೋಡಿ ಏರ್ಪಾಡು ಮಾಡುವುದುಂಟು. ಸಾಧಾರಣ ಚಳಿಗೆ ಕಾವಿನ ಪಂಪು. ಹೊರಗಿನ ಗಾಳಿ ನೀರು ಹೆಪ್ಪುಗಟ್ಟುವ ಹಂತಕ್ಕೆ ಸಮೀಪಿಸಿದಾಗ ಅದನ್ನು ನಿಲ್ಲಿಸಿ ಗ್ಯಾಸಿನ ಕುಲುಮೆ. ಎರಡು ಇಂಧನ, ಒಂದೇ ಮನೆ. ನಮ್ಮ ಕಡೆ ಅಂಥ ಚಳಿ ಬೀಳುವುದಿಲ್ಲ. ೧೩ ಡಿಗ್ರಿಯಲ್ಲಿ ಈ ಪಂಪು ಸುಖವಾಗಿ ನಡೆಯುತ್ತದೆ. ಹಾಗಾದರೆ ನಮಗೆ ಎರಡನೆಯ ಇಂಧನ ಬೇಡವೇ? ಬೇಕು, ಆದರೆ ಬೇರೆ ಕಾರಣಕ್ಕೆ. ಅವರು ಚಳಿಗೆ ಹೆದರಿ ಕುಲುಮೆ ಇಡುತ್ತಾರೆ; ನಾವು ಕರೆಂಟು ಹೋಗುವುದಕ್ಕೆ ಹೆದರಿ ಇಡಬೇಕು. ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಬೆಳಗ್ಗೆ ಬಂದರೆ, ನಲವತ್ತು ಸಾವಿರದ ಯಂತ್ರವೂ ಗೋಡೆಯ ಮೇಲಿನ ಪೆಟ್ಟಿಗೆಯಷ್ಟೇ. ಆದುದರಿಂದ ಎರಡನೆಯ ಏರ್ಪಾಡಿನಲ್ಲಿ ವಿದ್ಯುತ್ತಿನ ಬೀಸಣಿಗೆಯಾಗಲಿ ಗುಂಡಿಯಾಗಲಿ ಏನೂ ಇರಕೂಡದು. ಊದುವ ಮೋಟರಿರುವ ಒಲೆಯನ್ನು ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಇನ್ನು ಲೆಕ್ಕ. ೧೪ ಅಡಿ ಉದ್ದ, ೧೦ ಅಡಿ ಅಗಲ, ೯ ಅಡಿ ಎತ್ತರದ ಚಾಕಿ ಕೋಣೆಯೊಂದಿದೆ ಎನ್ನೋಣ. ೯ ಅಂಗುಲದ ಇಟ್ಟಿಗೆ ಗೋಡೆ, ಹೆಂಚಿನ ಮಾಡು, ಅದರ ಕೆಳಗೆ ಸಂದಿಲ್ಲದ ಮೇಲ್ಕಟ್ಟು. ಹೊರಗೆ ೧೩ ಡಿಗ್ರಿ, ಒಳಗೆ ೨೬ ಡಿಗ್ರಿ ಇರಬೇಕಾದರೆ ಗೋಡೆ, ಮಾಡು, ಗಾಳಿ ಇವುಗಳ ಮೂಲಕ ಸೋರಿಹೋಗುವ ಕಾವು ಸುಮಾರು ೧೭೦೦ ವಾಟ್. ಹತ್ತು ಗಂಟೆಯ ರಾತ್ರಿಗೆ ೧೭ ಯೂನಿಟ್ ಆಯಿತು. ಸಾಧಾರಣ ಹೀಟರಾದರೆ ೧೭ ಯೂನಿಟ್ಟೂ ಮೀಟರಿನಲ್ಲಿ ಓಡುತ್ತದೆ. ಕಾವಿನ ಪಂಪಾದರೆ ಸುಮಾರು ೬ ಯೂನಿಟ್. ಯೂನಿಟ್ಟಿಗೆ ೬ ರೂಪಾಯಿ ಎಂದು ಹಿಡಿದರೆ (ನಿಮ್ಮ ಬಿಲ್ಲಿನ ದರವನ್ನು ನೀವೇ ಹಾಕಿಕೊಳ್ಳಿ) ಒಂದು ರಾತ್ರಿಗೆ ೧೦೨ ರೂಪಾಯಿಯ ಕಡೆ ೩೬ ರೂಪಾಯಿ. ಉಳಿತಾಯ ೬೬ ರೂಪಾಯಿ.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಎಷ್ಟು ರಾತ್ರಿ? ಮೊಟ್ಟೆ ಒಡೆದಂದಿನಿಂದ ಎರಡನೆಯ ಜ್ವರ ಏಳುವ ತನಕ ಚಾಕಿ ಕಾಲ ೭-೮ ದಿನ. ಚಳಿಗಾಲದಲ್ಲಿ ಮೂರು ಬೆಳೆ ತೆಗೆದು ತಾವೇ ಚಾಕಿ ಮಾಡುವ ರೈತರಿಗೆ ೨೪ ರಾತ್ರಿ. ವರ್ಷಕ್ಕೆ ಉಳಿತಾಯ ೧೫೮೪ ರೂಪಾಯಿ. ಎಣ್ಣೆ ತುಂಬಿದ ರೆಕ್ಕೆಗಳ ೨೦೦೦ ವಾಟಿನ ಹೀಟರು ಎಂಟು ಒಂಬತ್ತು ಸಾವಿರಕ್ಕೆ ಬರುತ್ತದೆ. ಬಿಸಿ-ತಂಪಿನ ಯಂತ್ರವು ಸ್ಟೆಬಿಲೈಜರು, ಜೋಡಿಸುವ ಕೂಲಿ ಸೇರಿ ಅದಕ್ಕಿಂತ ಸುಮಾರು ೩೩ ಸಾವಿರ ಹೆಚ್ಚು ಬೀಳುತ್ತದೆ ಎಂದಿಟ್ಟುಕೊಳ್ಳಿ. ಆ ಹಣ ಹಿಂದಕ್ಕೆ ಬರಬೇಕಾದರೆ ಇಪ್ಪತ್ತು ವರ್ಷ ಬೇಕು! ಅಷ್ಟರೊಳಗೆ ಯಂತ್ರವೇ ಗುಜರಿಗೆ ಹೋಗಿರುತ್ತದೆ. ಇತರರಿಗೆ ಹುಳು ಮಾರುವ ಚಾಕಿ ಕೇಂದ್ರ ನಡೆಸುವವರ ಮಾತೇ ಬೇರೆ. ಅವರಿಗೆ ೮೦ ರಾತ್ರಿ ಚಳಿಯ ಕೆಲಸ ಸಿಕ್ಕೀತು. ಆರು ವರ್ಷದಲ್ಲಿ ಹಣ ಹೊರಡುತ್ತದೆ. ಜೊತೆಗೆ ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿನಲ್ಲಿ ಅದೇ ಯಂತ್ರ ಕೋಣೆಯನ್ನು ೨೭ ಡಿಗ್ರಿಗೆ ಇಳಿಸಿ ಕೊಡುತ್ತದೆ. ಅವರು ಧಾರಾಳವಾಗಿ ಕೊಳ್ಳಲಿ. ಚಾಕಿ ಕೇಂದ್ರದಿಂದ ಹುಳು ತಂದು ದೊಡ್ಡ ಹುಳುವನ್ನು ಮಾತ್ರ ಸಾಕುವವರಿಗೆ ಇದು ಬೇಕೇ ಇಲ್ಲ. ದೊಡ್ಡ ಹುಳುವಿಗೆ ೨೪-೨೫ ಡಿಗ್ರಿ ಸಾಕು, ಗಾಳಿ ಹೆಚ್ಚು ಬೇಕು. ಕಿಟಕಿ ತೆರೆದಿಡಬೇಕಾದ ಮನೆಗೆ ಏರ್‌ಕಂಡಿಷನರ್ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ.

ಯಂತ್ರ ಕೊಳ್ಳುವವರಿಗೂ ಕೆಲವು ಮಾತು. ಬೆಳೆ ಮುಗಿದ ಮೇಲೆ ನಾವು ಹುಳು ಮನೆಗೆ ಬ್ಲೀಚಿಂಗ್ ಪುಡಿಯ ನೀರನ್ನೋ ಕ್ಲೋರಿನ್ ಡೈಆಕ್ಸೈಡನ್ನೋ ಸಿಂಪಡಿಸುತ್ತೇವಷ್ಟೆ. ಇವು ಲೋಹವನ್ನು ತಿನ್ನುವ ವಸ್ತುಗಳು. ಗೋಡೆಗೆ ಬಿಗಿದ ಯಂತ್ರವನ್ನು ಬಿಚ್ಚಿ ಹೊರಗಿಡಲಾಗುವುದಿಲ್ಲ. ಪ್ಲಾಸ್ಟಿಕ್ ಹಾಳೆಯಿಂದ ಸಂದಿಲ್ಲದೆ ಕಟ್ಟಿ, ಸಿಂಪಡಿಸಿ, ಕೋಣೆಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಬಿಚ್ಚಬೇಕು. ಈ ವಿಷಯವನ್ನು ಅಂಗಡಿಯವನು ಹೇಳುವುದಿಲ್ಲ, ಅವನಿಗೆ ತಿಳಿದೂ ಇರುವುದಿಲ್ಲ. ಎಣ್ಣೆಯ ಹೀಟರಿಗೆ ಈ ತೊಂದರೆಯಿಲ್ಲ, ಚಕ್ರದ ಮೇಲೆ ತಳ್ಳಿ ಆಚೆಗಿಟ್ಟರಾಯಿತು. ಯಂತ್ರದ ಗಾಳಿ ನೇರವಾಗಿ ತಟ್ಟೆಗಳ ಮೇಲೆ ಬೀಸಿದರೆ ಸೊಪ್ಪು ಗಳಿಗೆಯಲ್ಲಿ ಬಾಡುತ್ತದೆ. ಬೆಂಗಳೂರಿನಲ್ಲಿ ಐನೂರು ರೂಪಾಯಿ ಅಗ್ಗವೆಂದು ಅಲ್ಲಿಂದ ತರುವವರು, ಕೆಟ್ಟಾಗ ರಿಪೇರಿಯವನು ನಮ್ಮ ಹಳ್ಳಿಗೆ ಬರುತ್ತಾನೆಯೇ ಎಂದು ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳತಕ್ಕದ್ದು. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಗೆ ಇವಾವುದನ್ನೂ ತಗುಲಿಸಬೇಡಿ. ಅದು ನೀರೆತ್ತುವುದಕ್ಕೆ ಕೊಟ್ಟದ್ದು, ಇ.ಬಿ.ಯವರು ಹಿಡಿದರೆ ದಂಡ ತೆರಬೇಕಾಗುತ್ತದೆ.

ಈಗ ಎರಡನೆಯ ಕಾವಿನ ವಿಚಾರಕ್ಕೆ ಬರೋಣ. ನಮ್ಮಲ್ಲಿ ನಡೆದುಬಂದಿರುವುದು ಬಾಣಲೆಯಲ್ಲಿ ಕೆಂಡ ತುಂಬಿ ಕೋಣೆಯ ನಡುವೆ ಇಡುವ ಪದ್ಧತಿ. ಇದನ್ನು ಬಿಡಲೇಬೇಕೆಂದು ಕೈಮುಗಿದು ಹೇಳುತ್ತೇನೆ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹುಳುವಿಗೆ ಕೆಡುಕೆಂಬುದು ಒಂದು ಕಡೆ; ರಾತ್ರಿ ಸೊಪ್ಪು ಹಾಕಲು ಏಳಬೇಕೆಂದು ಅಲ್ಲಿಯೇ ಚಾಪೆ ಹಾಸಿ ಮಲಗುವ ಹೆಂಗಸರು ಮಕ್ಕಳು ನಿದ್ದೆಯಲ್ಲಿಯೇ ಪ್ರಾಣ ಬಿಡುವ ಅಪಾಯ ಇನ್ನೊಂದು ಕಡೆ. "ನಮ್ಮಪ್ಪನ ಕಾಲದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ" ಎನ್ನುವವರು ನೆನೆಯಬೇಕಾದದ್ದೇನೆಂದರೆ, ಅಪ್ಪನ ಕಾಲದ ಮನೆಯಲ್ಲಿ ಹೆಂಚಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಈಗ ಆರ್‌ಸಿಸಿ ಮಾಡು, ಪ್ಲಾಸ್ಟಿಕ್ ಪರದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳನ್ನು ನೋಡಿದವರಿಗೆ ದಾರಿ ಆಗಲೇ ಗೊತ್ತಿದೆ. ಒಲೆಯ ಬಾಯಿ ಹೊರಗೆ, ತಗಡಿನ ಕೊಳವೆ ಒಳಗೆ, ಹೊಗೆ ಮತ್ತೆ ಹೊರಗೆ. ಅದನ್ನೇ ಚಿಕ್ಕದಾಗಿ ಮಾಡಿದರೆ ಹುಳು ಮನೆಗೆ ಸಾಕು. ಗೋಡೆಯ ಹೊರಬದಿಯಲ್ಲಿ ನೆಲಮಟ್ಟಕ್ಕೆ ಇಟ್ಟಿಗೆ ಮಣ್ಣಿನ ಒಲೆ. ಅದರ ಬಾಯಿಗೆ ಗಾಳಿಯನ್ನು ಹೆಚ್ಚು ಕಡಮೆ ಮಾಡಲು ಬರುವ ತಗಡಿನ ಬಾಗಿಲು. ಒಲೆಯಿಂದ ೬ ಅಂಗುಲ ವ್ಯಾಸದ ಕೊಳವೆಯು ಒಳಗೆ ಬಂದು, ನೆಲದಿಂದ ಒಂದಡಿ ಮೇಲೆ, ಗೋಡೆಯುದ್ದಕ್ಕೂ ತುಸು ಏರುತ್ತ ಸಾಗಿ, ಎದುರು ಗೋಡೆಯಲ್ಲಿ ಹೊರಬಿದ್ದು, ಮಾಡಿನ ನೆತ್ತಿಗಿಂತ ಮೂರಡಿ ಮೇಲಕ್ಕೆ ನಿಲ್ಲಬೇಕು. ೧೪ ಅಡಿಯ ಕೊಳವೆ ಚೆನ್ನಾಗಿ ಕಾದರೆ ಮೇಲೆ ಹೇಳಿದ ಕೋಣೆಗೆ ಬೇಕಾದಷ್ಟು ಕಾವನ್ನು ತಾನೊಂದೇ ಕೊಡಬಲ್ಲುದು. ಕೊಳವೆಯಿಂದ ಮೂರಡಿಯೊಳಗೆ ತಟ್ಟೆ, ಪರದೆ, ಮೇಣದ ಕಾಗದ ಏನೂ ಇರಕೂಡದು. ಕಟ್ಟಿದ ಮೇಲೆ ಮೊದಲ ದಿನ ಒದ್ದೆ ಹುಲ್ಲು ಹಾಕಿ ಹೊಗೆಯೆಬ್ಬಿಸಿ ನೋಡಿ. ಕೋಣೆಯೊಳಗೆ ಹೊಗೆ ಕಂಡಲ್ಲೆಲ್ಲ ಜೇಡಿಮಣ್ಣು ಮೆತ್ತಿ ಮುಚ್ಚಬೇಕು. ಪ್ರತಿ ಬೆಳೆಗೆ ಮುಂಚೆಯೂ ಈ ಪರೀಕ್ಷೆ ಆಗತಕ್ಕದ್ದು, ಏಕೆಂದರೆ ತಗಡು ತುಕ್ಕು ಹಿಡಿಯುತ್ತದೆ. ನನ್ನ ಹುಳು ಮನೆಗೆ ಗಾರೆಯವನ ಕೂಲಿ, ತಗಡಿನ ಕೆಲಸ ಎಲ್ಲ ಸೇರಿ ಎಂಟು ಸಾವಿರದೊಳಗೆ ಮುಗಿಯಿತು.

ಇಂಧನಕ್ಕೆ ಹುಡುಕಾಡಬೇಕಾದುದಿಲ್ಲ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಬೇಕಾದಷ್ಟಿರುತ್ತದೆ. ಒಣಗಿದ ಕಡ್ಡಿ ಒಂದು ರಾತ್ರಿಗೆ ಹತ್ತು ಹನ್ನೆರಡು ಕಿಲೋ ಸಾಕು. ಆದರೆ ಆ ಕಡ್ಡಿಯ ರಾಶಿಯನ್ನು ಹುಳು ಮನೆಗೆ ಒತ್ತಿ ಹಾಕಬೇಡಿ. ಹಿಂದಿನ ಬೆಳೆಯ ರೋಗವೆಲ್ಲ ಅದರಲ್ಲಿ ಕೂತಿರುತ್ತದೆ. ದೂರದಲ್ಲಿ ಒಣಗಿಸಿ, ಬೇಕಾದಷ್ಟನ್ನು ಮಾತ್ರ ತನ್ನಿ. ಒಲೆಯವನೇ ಕೈ ತೊಳೆಯದೆ ತಟ್ಟೆ ಮುಟ್ಟದಿರಲಿ.

ಎರಡರಲ್ಲಿ ಯಾವುದನ್ನು ಕೊಂಡರೂ ಅದಕ್ಕಿಂತ ಮುಂಚೆ ಖರ್ಚು ಮಾಡಬೇಕಾದದ್ದು ಮೇಲ್ಕಟ್ಟಿಗೆ. ಬರಿಯ ಹೆಂಚಿನ ಕೆಳಗೆ ಹೀಟರು ಇಟ್ಟರೆ ಒಂದೂವರೆ, ಕೆಲವೊಮ್ಮೆ ಎರಡು ಪಟ್ಟು ಕಾವು ಬೇಕಾಗುತ್ತದೆ. ಗೋಣಿತಾಟು ಹೊಲಿದು ಕಟ್ಟಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಅರ್ಧ ಕೋಣೆಯಷ್ಟೇ ಬೇಕಾದರೆ ನಡುವೆ ಪರದೆ ಇಳಿಬಿಟ್ಟು, ಆಮೇಲೆ ಎಷ್ಟು ವಾಟಿನ ಹೀಟರು ಬೇಕೆಂದು ಯೋಚಿಸಿ. ಜ್ವರದ ಹೊತ್ತಿನಲ್ಲಿ ಮಾತ್ರ ಗಾಳಿಯಾಡಲು ಎಡೆ ಬಿಡಬೇಕು.

ಕಾವಿನ ಬೆನ್ನಿಗೇ ತೇವದ ಮಾತೂ ಬರುತ್ತದೆ. ಹೊರಗಿನ ೧೪ ಡಿಗ್ರಿಯ ಮಂಜುಗಾಳಿಯನ್ನು ಒಳಗೆ ತಂದು ೨೭ ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ನೂರಕ್ಕೆ ೯೦ ಇದ್ದದ್ದು ೪೦ಕ್ಕೆ ಇಳಿಯುತ್ತದೆ. ಚಾಕಿ ಹುಳುವಿಗೆ ಬೇಕಾದದ್ದು ೮೫. ಹೀಟರು, ಏರ್‌ಕಂಡಿಷನರ್, ಹೊರಗಿನ ಒಲೆ, ಯಾವುದೇ ಆಗಲಿ, ಒಣಗಿಸುವ ವಿಷಯದಲ್ಲಿ ಮೂರೂ ಒಂದೇ. ಒದ್ದೆ ಗೋಣಿ ಇಳಿಬಿಡುವುದು, ತಟ್ಟೆಯ ಅಂಚಿಗೆ ನೆನೆಸಿದ ಸ್ಪಂಜು ಇಡುವುದು, ಮೇಣದ ಕಾಗದ ಮುಚ್ಚುವುದು ತಪ್ಪಕೂಡದು. ಒಣ ಬುರುಡೆ, ಒದ್ದೆ ಬುರುಡೆಯ ಜೋಡಿ ಉಷ್ಣಮಾಪಕ ಕೊಂಡರೆ ಕಷ್ಟವಿಲ್ಲ: ಚಾಕಿಯಲ್ಲಿ ಎರಡರ ನಡುವೆ ೨ ಡಿಗ್ರಿ ಅಂತರ, ದೊಡ್ಡ ಹುಳುವಿಗೆ ಮೂರೂವರೆ. ಅದನ್ನು ಹೀಟರಿನ ಪಕ್ಕ ಅಲ್ಲ, ನಡುವಣ ತಟ್ಟೆಯ ಮಟ್ಟಕ್ಕೆ ತೂಗುಹಾಕಿ. ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ಸೊಪ್ಪು ಹಾಕುವಾಗ ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮಾಡುತ್ತಿರಿ.

ಸಾಮಾನು ಕೊಳ್ಳಲು ರೇಷ್ಮೆ ಇಲಾಖೆಯಿಂದ ಸಹಾಯಧನ ಸಿಕ್ಕುವ ವರ್ಷಗಳುಂಟು. ಅರ್ಜಿ ತಮಿಳಿನಲ್ಲಿದೆಯೆಂದು ಹಿಂಜರಿಯದೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿ. ಮಂಜೂರಾತಿ ಕೈಗೆ ಬರುವ ಮೊದಲೇ ಕೊಂಡುಬಿಟ್ಟರೆ ಹಣ ಸಿಕ್ಕುವುದು ಕಷ್ಟ.

ಹೀಟರು ಇರಲಿ, ಯಂತ್ರವಿರಲಿ, ಸಂಜೆಯೇ ಹೊರಗಿನ ಒಲೆಯಲ್ಲಿ ಕಡ್ಡಿ ಜೋಡಿಸಿ, ಮೇಲೆ ಬೆಂಕಿಪೆಟ್ಟಿಗೆ ಇಟ್ಟು ಮಲಗುವುದು ರೂಢಿಯಾಗಲಿ. ಕರೆಂಟು ಹೋಗಿ ಕಾಲು ಗಂಟೆಯೊಳಗೆ ಬಾರದಿದ್ದರೆ ಒಲೆ ಹಚ್ಚಿ. ಕೊಳವೆ ಕಾಯಲು ಹೊತ್ತು ಹಿಡಿಯುತ್ತದೆ. ಕರೆಂಟು ಬಂದೊಡನೆ ಒಲೆಗೆ ಹೊಸ ಕಡ್ಡಿ ಹಾಕಬೇಡಿ, ಬಾಯಿಯ ಬಾಗಿಲನ್ನು ಮುಕ್ಕಾಲು ಮುಚ್ಚಿ. ಉಳಿದ ಕೆಂಡ ಇನ್ನೊಂದು ಗಂಟೆ ಕಾವು ಕೊಡುತ್ತದೆ, ಅಷ್ಟರಲ್ಲಿ ಹೀಟರು ತನ್ನ ಪಾಡಿಗೆ ತಾನು ಹೊತ್ತಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಜೋರಾಗಿ ಉರಿದು ಕೋಣೆ ೩೦ ಡಿಗ್ರಿ ದಾಟಿದರೆ ಬಾಗಿಲನ್ನು ಒಮ್ಮೆಲೇ ತೆರೆಯದೆ, ಮೇಲಿನ ಗವಾಕ್ಷಿಯಿಂದ ಕಾವನ್ನು ನಿಧಾನವಾಗಿ ಬಿಡತಕ್ಕದ್ದು.