ಕೆರೆಗೆ ಕೋಡಿ, ಎಂಜಿನ್ನಿಗೆ ವೇಸ್ಟ್‌ಗೇಟ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ಕಥೆ, ಕವನ ನನಗೆ ಒಲಿದವಲ್ಲ. ಗುಂಡುಮಾಲಿನಲ್ಲಿ ಕನ್ನಡ ಅಕ್ಷರ ಕಲಿತು, ರಾಯಚೂರಿನಲ್ಲಿ ಕಸುಬು ಕಲಿತು, ಡೀಸೆಲ್ ಎಂಜಿನ್ನುಗಳ ದುರಸ್ತಿಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. "ನಿಮಗೆ ತಿಳಿದುದನ್ನೇ ಬರೆಯಿರಿ" ಎಂದು ಅವರು ಧೈರ್ಯ ತುಂಬಿದರು. ಆದ್ದರಿಂದ ನಮ್ಮ ಭಾಗದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಟರ್ಬೊ ಡೀಸೆಲ್ ಕಾರುಗಳ ಒಂದು ಚಿಕ್ಕ ಭಾಗದ ಕುರಿತು, ಅದರ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪಿನ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ನಮ್ಮ ವಿಜ್ಞಾನದ ಗುರುಗಳು ಒಮ್ಮೆ ತರಗತಿಯನ್ನೆಲ್ಲ ಕೆರೆಯ ಏರಿಯ ಮೇಲೆ ಕರೆದೊಯ್ದು ಕೋಡಿಯನ್ನು ತೋರಿಸಿದ್ದರು. ನಾವು ಕೋಡಿ ಎನ್ನುವುದನ್ನೇ ನಮ್ಮ ತೆಲುಗು ನೆರೆಹೊರೆಯವರು ಅಲುಗು ಎನ್ನುತ್ತಾರೆ. "ಹೆಚ್ಚು ನೀರು ನಿಲ್ಲಲಿ ಎಂಬ ಆಸೆಯಿಂದ ಕೋಡಿಗೆ ಕಲ್ಲು ಅಡ್ಡವಿಟ್ಟರೆ ಏನಾಗುತ್ತದೆ?" ಎಂದು ಕೇಳಿ, ಉತ್ತರವನ್ನೂ ಅವರೇ ಹೇಳಿದ್ದರು: "ಏರಿ ಒಡೆಯುತ್ತದೆ, ಇದ್ದ ನೀರೂ ಹೋಗುತ್ತದೆ." ಈ ಪಾಠ ಎಂಜಿನ್ನಿಗೂ ಸಲ್ಲುತ್ತದೆಂಬುದು ನನಗೆ ಬಹಳ ತಡವಾಗಿ ಅರಿವಾಯಿತು.

ಎಂಜಿನ್ನಿನಲ್ಲಿ ಡೀಸೆಲ್ ಚೆನ್ನಾಗಿ ಉರಿಯಲು ಸಾಕಷ್ಟು ಗಾಳಿ ಬೇಕು. ಸಾಮಾನ್ಯ ಎಂಜಿನ್ನು ತನ್ನ ಉಸಿರಿಗೆ ಸಿಕ್ಕಷ್ಟು ಗಾಳಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಹೊಗೆಯಾಗಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿ ಪೇಟೆಂಟ್ ಪಡೆದರು. ಅದೇ ಟರ್ಬೊಚಾರ್ಜರ್. ನಮ್ಮ ದೇಶದಲ್ಲಿ 1998ರಲ್ಲಿ ಬಂದ ಟಾಟಾ ಸಫಾರಿ, 2002ರಲ್ಲಿ ಬಂದ ಮಹೀಂದ್ರಾ ಸ್ಕಾರ್ಪಿಯೊ ಮೊದಲಾದ ವಾಹನಗಳಿಂದ ಈ ಹೆಸರು ಹಳ್ಳಿಹಳ್ಳಿಗೂ ಪರಿಚಿತವಾಯಿತು. ಅಂಗೈಯಗಲದ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು.

ಇಲ್ಲಿಯೇ ಒಂದು ಅಪಾಯವಿದೆ. ಹೊಗೆ ಹೆಚ್ಚಿದಂತೆ ಚಕ್ರದ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಗಾಳಿ ಹೆಚ್ಚುತ್ತದೆ. ಗಾಳಿ ಹೆಚ್ಚಿದಂತೆ ಮತ್ತೆ ಹೊಗೆ. ಇದಕ್ಕೊಂದು ಮಿತಿ ಬೇಡವೇ? ಆ ಮಿತಿಯೇ ವೇಸ್ಟ್‌ಗೇಟ್, ಅಂದರೆ ಎಂಜಿನ್ನಿನ ಕೋಡಿ. ಟರ್ಬೊವಿನ ಹೊಗೆಯ ಕಡೆ ಒಂದು ಪುಟ್ಟ ಬಾಗಿಲಿರುತ್ತದೆ. ಅದಕ್ಕೆ ಉಕ್ಕಿನ ಸಲಾಕೆಯೊಂದು ಜೋಡಿಸಿರುತ್ತದೆ. ಸಲಾಕೆಯ ಇನ್ನೊಂದು ತುದಿ ತಗಡಿನ ಡಬ್ಬಿಯೊಂದರ ಒಳಗಿರುತ್ತದೆ. ಡಬ್ಬಿಯಲ್ಲಿ ಒಂದು ರಬ್ಬರ್ ಪೊರೆ, ಅದಕ್ಕೆ ಎದುರಾಗಿ ಒಂದು ಸ್ಪ್ರಿಂಗು. ಟರ್ಬೊ ಒತ್ತಿದ ಗಾಳಿಯ ಸ್ವಲ್ಪ ಭಾಗ ಸಣ್ಣ ಕೊಳವೆಯ ಮೂಲಕ ಈ ಪೊರೆಗೆ ತಗಲುತ್ತದೆ. ಗಾಳಿಯ ಒತ್ತಡ ಸ್ಪ್ರಿಂಗನ್ನು ಮೀರಿದೊಡನೆ ಸಲಾಕೆ ಹೊರಚಾಚಿ ಬಾಗಿಲು ತೆರೆಯುತ್ತದೆ. ಹೆಚ್ಚಾದ ಹೊಗೆ ಚಕ್ರವನ್ನು ಮುಟ್ಟದೆ ನೇರವಾಗಿ ಸೈಲೆನ್ಸರಿಗೆ ಹೋಗುತ್ತದೆ.

ಸಲಾಕೆಯ ತುದಿಯಲ್ಲಿ ಮರೆಯಿದ್ದು, ಅದರ ಉದ್ದವನ್ನು ಹೆಚ್ಚುಕಡಿಮೆ ಮಾಡಬಹುದು. ಗಿಡ್ಡ ಮಾಡಿದರೆ ಬಾಗಿಲು ತಡವಾಗಿ ತೆರೆದು ಒತ್ತಡ ಏರುತ್ತದೆ. ಉದ್ದ ಮಾಡಿದರೆ ಬೇಗ ತೆರೆದು ಒತ್ತಡ ಇಳಿಯುತ್ತದೆ. ನಾನು ಎಡವಿದ್ದು ಇಲ್ಲಿಯೇ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಸಾಲ ಮಾಡಿ ಹಳೆಯ ಗಾಡಿ ಕೊಂಡು, ನಾರಾಯಣಪೇಟೆಯಿಂದ ರಾಯಚೂರಿಗೆ ಬಾಡಿಗೆ ಓಡಿಸುತ್ತಿದ್ದ ಯುವಕನೊಬ್ಬ ಬಂದು, "ಅಣ್ಣಾ, ಏರು ಬಂದರೆ ಗಾಡಿ ಎಳೆಯುತ್ತಿಲ್ಲ, ಕಪ್ಪು ಹೊಗೆ ಬೇರೆ" ಎಂದ. ನಾನು ಬಾನೆಟ್ ಎತ್ತಿ, ಏನನ್ನೂ ಅಳೆಯದೆ, ಸಲಾಕೆಯನ್ನು ಮೂರು ಸುತ್ತು ಗಿಡ್ಡ ಮಾಡಿಕೊಟ್ಟೆ. ಸ್ವಲ್ಪ ಎಳೆತ ಬಂತು. ಆತ ಕೈಮುಗಿದು ಹೋದ. ನಿಜವಾದ ದೋಷ ಬೇರೆಯೇ ಇತ್ತು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಕೆಳಬದಿಯಲ್ಲಿ ಸೀಳಿ, ಒತ್ತಿದ ಗಾಳಿಯೆಲ್ಲ ಸೋರುತ್ತಿತ್ತು. ತಿಂಗಳೊಳಗೆ ಅದು ಪೂರ್ತಿ ಹರಿದು, ಆತ ಬೇರೆಡೆ ಹೊಸ ಹೋಸು ಹಾಕಿಸಿಕೊಂಡ. ಸೋರಿಕೆ ನಿಂತಿತು, ಕೋಡಿಗೆ ನಾನಿಟ್ಟ ಕಲ್ಲು ಮಾತ್ರ ಹಾಗೆಯೇ ಉಳಿದಿತ್ತು. ಮಿತಿಮೀರಿದ ಒತ್ತಡಕ್ಕೆ ಹೆಡ್ ಗ್ಯಾಸ್ಕೆಟ್ ಒಡೆದು, ಗಾಡಿ ಮದುವೆಯ ಹಂಗಾಮಿನಲ್ಲಿ ಮೂರು ವಾರ ನಿಂತಿತು. ಮಜೂರಿ ತೆಗೆದುಕೊಳ್ಳದೆ ನಾನೇ ದುರಸ್ತಿ ಮಾಡಿಕೊಟ್ಟೆ. ಆದರೆ ಆತನ ಎರಡು ಕಂತುಗಳನ್ನು ನಾನು ಕಟ್ಟಿಕೊಡಲಿಲ್ಲ. ಆತ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಅಂದಿನಿಂದ ನಾನು ಪಾಲಿಸುತ್ತ ಬಂದಿರುವ ಕ್ರಮ ಹೀಗಿದೆ. ಎಳೆತ ಕಡಿಮೆಯೆಂದರೆ ಮೊದಲು ಏರ್ ಫಿಲ್ಟರ್, ಬಳಿಕ ಟರ್ಬೊವಿನಿಂದ ಎಂಜಿನ್ನಿನವರೆಗಿನ ಎಲ್ಲ ಹೋಸುಗಳು ಮತ್ತು ಕ್ಲಿಪ್ಪುಗಳು, ಆಮೇಲೆ ಡಬ್ಬಿಯ ಸಣ್ಣ ಕೊಳವೆ. ಎಂಜಿನ್ನು ಪೂರ್ತಿ ಆರಿದ ಮೇಲೆ ಸಲಾಕೆಯನ್ನು ಬಿಡಿಸಿ, ಬಾಗಿಲನ್ನು ಕೈಯಿಂದ ಆಡಿಸಿ ನೋಡಬೇಕು. ಮಸಿ ಕಟ್ಟಿ ಅರ್ಧ ತೆರೆದು ನಿಂತಿದ್ದರೆ ಅದನ್ನು ಶುಚಿಗೊಳಿಸಬೇಕೇ ಹೊರತು ಸಲಾಕೆಯನ್ನು ತಿರುಗಿಸಬಾರದು. ನಂತರ ಮಾಪಕವಿರುವ ಕೈಪಂಪಿನಿಂದ ಡಬ್ಬಿಗೆ ನಿಧಾನವಾಗಿ ಗಾಳಿ ಕೊಡಬೇಕು. ಕೊಟ್ಟ ಗಾಳಿ ನಿಲ್ಲದಿದ್ದರೆ ಪೊರೆ ಹರಿದಿದೆಯೆಂದೇ ಅರ್ಥ, ಡಬ್ಬಿಯನ್ನೇ ಬದಲಿಸಬೇಕು. ಗಾಳಿ ನಿಂತರೆ, ಸಲಾಕೆ ಎಷ್ಟು ಒತ್ತಡಕ್ಕೆ ಕದಲಿತೆಂಬುದನ್ನು ಆ ಗಾಡಿಯ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಕಾರಿನ ಟೈರಿಗೆ ನಾವು ಸುಮಾರು 30 ಪೌಂಡ್ ಗಾಳಿ ಹಾಕಿಸುತ್ತೇವೆ. ಹಳೆಯ ಟರ್ಬೊಗಳ ಒತ್ತಡ ಸಾಮಾನ್ಯವಾಗಿ ಅದರ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ.

ಇಷ್ಟಾದ ಮೇಲೂ ವ್ಯತ್ಯಾಸ ಕಂಡುಬಂದರೆ ಮಾತ್ರ ಹೊಂದಾಣಿಕೆ. ಲಾಕ್ ನಟ್ಟನ್ನು ಸಡಿಲಿಸಿ, ಮೂಲ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ, ಒಂದು ಸಲಕ್ಕೆ ಒಂದೇ ಸುತ್ತು ತಿರುಗಿಸಬೇಕು. ಬಾಗಿಲು ಮುಚ್ಚಿರುವಾಗ ಸಲಾಕೆಯನ್ನು ತುಸುವೇ ಎಳೆದು ಕೊಂಡಿಗೆ ಸಿಕ್ಕಿಸುವಂತಿದ್ದರೆ ಬಾಗಿಲು ಬಿಗಿಯಾಗಿ ಕೂಡುತ್ತದೆ. ಕ್ಲಿಪ್ಪು ಹಾಕಿ, ನಟ್ಟು ಬಿಗಿದು, ಒತ್ತಡದ ಮಾಪಕವನ್ನು ತಾತ್ಕಾಲಿಕವಾಗಿ ಜೋಡಿಸಿ ಏರಿನ ರಸ್ತೆಯಲ್ಲಿ ಓಡಿಸಿ ನೋಡಬೇಕು. ಓಡಿಸುವವನೊಬ್ಬ, ಮಾಪಕ ನೋಡುವವನು ಇನ್ನೊಬ್ಬನಿರಲಿ. ಮುಳ್ಳು ಹೇಳಿದ ಅಂಕಿಗೆ ಏರಿ ಅಲ್ಲಿಯೇ ನಿಲ್ಲಬೇಕು. ಮೀರಿದರೆ ತಕ್ಷಣ ಕಾಲು ತೆಗೆದು, ಸಲಾಕೆಯನ್ನು ಹಿಂದಕ್ಕೆ ತಿರುಗಿಸಬೇಕು. ಈಚಿನ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ ಅಲ್ಲಿ ಈ ವಿಧಾನ ಸಲ್ಲದು.

ಗ್ಯಾರೇಜಿನಲ್ಲಿ ನಾನಾಡುವ ಮಾತಿನಲ್ಲಿ ಅರ್ಧ ತೆಲುಗು, ಉಪಕರಣಗಳ ಹೆಸರೆಲ್ಲ ಇಂಗ್ಲಿಷು. ಆದರೆ ಒತ್ತಡ ಎಂದರೇನು, ಮಿತಿ ಎಂದರೇನು ಎಂಬುದನ್ನು ನಾನು ಮೊದಲು ಅರಿತದ್ದು ಈ ಶಾಲೆಯಲ್ಲಿ, ಕನ್ನಡದಲ್ಲಿ. ಅರಿತಿದ್ದೂ ಒಮ್ಮೆ ಮರೆತೆ; ಅದರ ಬೆಲೆಯನ್ನು ಇನ್ನೊಬ್ಬರು ತೆತ್ತರು. ನನ್ನ ಬಳಿ ಕಸುಬು ಕಲಿಯಲು ಬರುವ ಹುಡುಗರ ಕೈಗೆ ಇಂದು ಮೊದಲು ಪಾನಾ ಕೊಡುವುದಿಲ್ಲ, ಮಾಪಕ ಕೊಡುತ್ತೇನೆ. ಏರಿಯ ಮೇಲೆ ನಿಲ್ಲಿಸಿ ಪಾಠ ಹೇಳಿದ ಗುರುಗಳಿಗೆ ನಾನು ಸಲ್ಲಿಸಬಹುದಾದ ವಂದನೆ ಅದೊಂದೇ. ಐವತ್ತು ತುಂಬಿದ ನಮ್ಮ ಶಾಲೆ ನೂರನ್ನೂ ಕಾಣಲೆಂದು ಹಾರೈಸಿ ವಿರಮಿಸುತ್ತೇನೆ.